ಜಾತಿ ನಾಯಿ, ಜಾತಿ ಮನುಷ್ಯ

ಮೊನ್ನೆ ನಮ್ಮೂರಿನ ವಾಟ್ಸಾಪ್ ಗ್ರೂಪಲ್ಲಿ ಯಾರೋ ಒಂದು ನಾಯಿಮರಿ ಫೋಟೋ ಹಾಕಿದ್ರು. "ಒಳ್ಳೆ ಜಾತಿ ನಾಯಿ, ಬೇಕಾದವರು ಕರೆ ಮಾಡಿ." ಜಾತಿ ನಾಯಿ, ಜಾತಿ ಕುದುರೆ ಅಂತ ನಾನೂ ಎಷ್ಟು ಸಲ ಅಂದಿದ್ದೀನೋ! ಅವತ್ತು ಮಾತ್ರ ಆ ಪದ ಮುಳ್ಳಿನ ಹಾಗೆ ಚುಚ್ಚಿತು.

ಇಂಗ್ಲಿಷಿನ 'ಕಾಸ್ಟ್' ಪದದ ಕಥೆಯೂ ಇದೇ ಕಣ್ರಪ್ಪಾ. ಅದು ಬಂದಿದ್ದು ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳ 'ಕಾಸ್ತಾ'ದಿಂದ. ಅಂದ್ರೆ ತಳಿ, ವಂಶ. ಕುದುರೆಗೂ ಅದೇ ಮಾತು, ಮನುಷ್ಯರಿಗೂ ಅದೇ. 16ನೇ ಶತಮಾನದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸರು ನಮ್ಮ ಸಮಾಜ ನೋಡಿ ಆ ಹೆಸರು ಹೇಳಿದ್ರು. ಹೆಸರು ಅವರದು, ರೋಗ ಇಲ್ಲಿಯದು. "ಜಾತಿ ಮಾಡಿದ್ದೇ ಬ್ರಿಟಿಷರು" ಅಂತ ವಾದ ಮಾಡೋರು ಇದನ್ನ ಸ್ವಲ್ಪ ಗಮನಿಸಲಿ.

ಅತ್ತ ಅಮೆರಿಕ ಖಂಡದಲ್ಲಿ ಸ್ಪೇನಿನವರು ಇನ್ನೂ ಮುಂದೆ ಹೋದ್ರು. ಕರಿಯರಿಗೂ ಬಿಳಿಯರಿಗೂ ಹುಟ್ಟಿದ ಮಗು 'ಮುಲಾತೊ'. ಲ್ಯಾಟಿನ್ನಿನ 'ಮೂಲುಸ್', ಅಂದ್ರೆ ಹೇಸರಗತ್ತೆ. ಕೊವರುಬಿಯಾಸ್ ಎಂಬಾತ 1611ರ ತನ್ನ ನಿಘಂಟಿನಲ್ಲೇ ಆ ಮಗುವನ್ನ ಹೇಸರಗತ್ತೆಗೆ ಹೋಲಿಸಿ ಬರೆದ. 18ನೇ ಶತಮಾನದ ಮೆಕ್ಸಿಕೋದಲ್ಲಿ ಯಾರಿಗೆ ಯಾರು ಹುಟ್ಟಿದರೆ ಯಾವ ಜಾತಿ ಅಂತ ಚಿತ್ರ ಬರೆಸಿ ತೂಗುಹಾಕಿದ್ರು. ಅದರಲ್ಲಿ 'ಲೋಬೊ' ಅಂದ್ರೆ ತೋಳ, 'ಕೊಯೋತೆ' ಅಂದ್ರೆ ಅಲ್ಲಿನ ಕಾಡುನಾಯಿ. ಇವೆಲ್ಲ ಮನುಷ್ಯರ ಹೆಸರು! ಮನುಸ್ಮೃತಿಯ ಸಂಕರ ಜಾತಿಗಳ ಪಟ್ಟಿ ಓದಿದವರಿಗೆ ಇದು ಹೊಸದು ಅನ್ನಿಸಲ್ಲ.

ಆದ್ರೆ ನಾನು ಹೇಳಬೇಕಾಗಿದ್ದು ಇನ್ನೊಂದು ಪದದ ಬಗ್ಗೆ: 'ಸಿಮರ್ರೋನ್'. ಮೊದಲು ಹಗ್ಗ ಕಿತ್ಕೊಂಡು ಕಾಡು ಸೇರಿದ ದನಕ್ಕೆ ಹಾಗಂತಿದ್ರು. ಆಮೇಲೆ ಧಣಿಗಳಿಂದ ತಪ್ಪಿಸಿಕೊಂಡ ಮೂಲನಿವಾಸಿಗಳಿಗೆ, ಆಫ್ರಿಕನ್ ಗುಲಾಮರಿಗೆ. ಫ್ಲೋರಿಡಾದ ಸೆಮಿನೋಲ್ ಜನರ ಹೆಸರು ಹುಟ್ಟಿದ್ದೂ ಇದೇ ಪದದಿಂದ. ಇವತ್ತು ಅವರು ಆ ಹೆಸರನ್ನ ಹೆಮ್ಮೆಯಿಂದಲೇ ಹೇಳ್ಕೋತಾರೆ. ಮೆಕ್ಸಿಕೋದ ವೆರಾಕ್ರೂಸ್ ಬೆಟ್ಟಗಳಲ್ಲಿ ಯಾಂಗಾ ಅನ್ನೋ ಸಿಮರ್ರೋನ್ ನಾಯಕ ತನ್ನ ಜನರನ್ನ ಕಟ್ಟಿದ. 1609ರಲ್ಲಿ ಸೈನ್ಯ ನುಗ್ಗಿದರೂ ಮಣಿಯಲಿಲ್ಲ. ಕೊನೆಗೆ ಸ್ಪೇನಿನವರೇ ಸಂಧಿಗೆ ಬಂದು ಅವರಿಗೊಂದು ಸ್ವತಂತ್ರ ಊರು ಬಿಟ್ಟುಕೊಡಬೇಕಾಯ್ತು. ಆ ಊರಿನ ಹೆಸರು ಈಗ ಯಾಂಗಾ.

'ದಲಿತ' ಅಂದ್ರೂ ತುಳಿತಕ್ಕೊಳಗಾದವರು ಅಂತಲೇ ತಾನೆ? ನಾವು ಅದನ್ನೇ ಬ್ಯಾನರ್ ಮೇಲೆ ಬರೆದು ಬೀದಿಗಿಳಿದ್ವಿ. "ಇನ್ನೂ ಯಾಕ್ರೀ ಆ ಹೆಸರು?" ಅಂತ ಕೇಳೋ ಸ್ನೇಹಿತರೇ, ಮೊದಲು ಆ ಕಾಸ್ತಾದ ಪಟ್ಟಿ ಹರಿದುಹಾಕಿ. ಆಮೇಲೆ ನಮ್ಮ ಹೆಸರಿನ ಮಾತು.

ನಿಮ್ಮೂರಲ್ಲಿ ನಮ್ಮೋರನ್ನ ಯಾವ ಪ್ರಾಣಿಯ ಹೆಸರಲ್ಲಿ ಕರೀತಿದ್ರು? ಕಾಮೆಂಟಲ್ಲಿ ಬರೀರಿ. ನಾಚಿಕೆ ಪಡಬೇಕಾದವರು ನಾವಲ್ಲ.

ಜೈ ಭೀಮ್.