ಬಂಡೆ ಸೀಳಿದ್ದರೆ ಅದು ಭೂಕಂಪದ ಗುರುತೇ?

ಆನೆಗೊಂದಿಯ ಬಂಡೆಗುಡ್ಡಗಳನ್ನು ನೋಡಿದಾಗ ಒಂದು ಪ್ರಶ್ನೆ ಮೂಡುತ್ತದೆ: ಇಷ್ಟು ದೊಡ್ಡ ಕಲ್ಲುಗಳು ಸೀಳಿದ್ದು ಹೇಗೆ? ಭೂಕಂಪದಿಂದ ಎಂದುಬಿಡುವುದು ಸುಲಭ. ಆದರೆ ಕಲ್ಲು ಬೇರೆಯೇ ಕಥೆ ಹೇಳುತ್ತದೆ.

ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ನೆಲದಾಳದಲ್ಲಿ ತಣಿಯುವಾಗ, ಆಮೇಲೆ ಮೇಲಿನ ಭಾರ ಸವೆದಾಗ ಅದು ಬಿರುಕುಬಿಟ್ಟಿತು. ಬಿರುಕಿಗೆ ನೀರಿಳಿದು ಅಂಚುಗಳು ಮಣ್ಣಾದವು. ಆ ಮಣ್ಣು ಕೊಚ್ಚಿಹೋಗಿ ಗುಂಡುಬಂಡೆಗಳು ಉಳಿದವು.

ಭೂಕಂಪ ಸಂಬಂಧಿ ಬಿರುಕಿನಲ್ಲಿ ಎರಡೂ ಬದಿಯ ಕಲ್ಲು ಜರುಗಿರುತ್ತದೆ. ಇದೇ ಸ್ತರಭಂಗ. ಪದರಗಲ್ಲಿನಲ್ಲಿ ಪದರಗಳು ಮೇಲೆ ಕೆಳಗೆ ಸರಿದದ್ದು ಕಣ್ಣಿಗೆ ಕಾಣುತ್ತದೆ. ಗ್ರಾನೈಟಿನಲ್ಲಿ ಪದರಗಳಿಲ್ಲ, ಹಾಗಾಗಿ ಬಿಳಿ ಬೆಣಚುಕಲ್ಲಿನ ಪಟ್ಟಿಯನ್ನು ಗಮನಿಸಬೇಕು. ಪಟ್ಟಿ ಬಿರುಕು ದಾಟಿ ನೇರ ಮುಂದುವರಿದರೆ ಅದು ಬರೀ ಬಿರುಕು. ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ಸ್ತರಭಂಗ ಇರಬಹುದು. ಉರುಳಿದ ಬಂಡೆಯಲ್ಲಲ್ಲ, ಹಾಸುಬಂಡೆಯಲ್ಲಿ ನೋಡಬೇಕು. ಸಿಕ್ಕರೂ ಅದು ಕೋಟ್ಯಂತರ ವರ್ಷಗಳಿಂದ ಅಲುಗಾಡದೆ ಇದ್ದಿರಬಹುದು.

ಹಾಗೆಂದು ‘ದಕ್ಷಿಣದ ಗಟ್ಟಿ ನೆಲ ನಡುಗುವುದೇ ಇಲ್ಲ’ ಎಂಬುದೂ ಸುಳ್ಳು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಬೀದರ್, ಕಲಬುರಗಿಗಳಿಗೆ ದೂರವಲ್ಲದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸುಮಾರು 6.2 ತೀವ್ರತೆಯ ಭೂಕಂಪ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದವು.

ಸೀಳಿದ ಬಂಡೆಯ ಫೋಟೋ ಜೊತೆ ‘ಇಂಥ ದಿನ ಭೂಕಂಪ’ ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಭೂಕಂಪದ ದಿನವನ್ನು ಯಾರೂ ಮುಂಚೆ ಹೇಳಲಾರರು. ನಾವು ಮೊದಲು ನೋಡಬೇಕಾದದ್ದು ಬಂಡೆಯ ಬಿರುಕನ್ನಲ್ಲ, ನಮ್ಮ ಮನೆಯ ಗೋಡೆಯನ್ನು.