ಫ್ಯಾಕ್ಟೋರಿಯಲ್ ಸಾಕು, ಬ್ಯಾಕಪ್ ಬರೆಸಿ

ನಮ್ಮ ಲಿನಕ್ಸ್ ಲ್ಯಾಬ್‌ನಲ್ಲಿ ಶೆಲ್ ಸ್ಕ್ರಿಪ್ಟ್ ಎಂದರೆ ಫ್ಯಾಕ್ಟೋರಿಯಲ್, ಪ್ಯಾಲಿಂಡ್ರೋಮ್, ಮೂರು ಸಂಖ್ಯೆಗಳಲ್ಲಿ ದೊಡ್ಡದು ಯಾವುದು. ರೆಕಾರ್ಡ್ ಬರೆದು, ವೈವಾ ಮುಗಿಸಿ ಮರೆಯುವುದಕ್ಕೆಂದೇ ಇಟ್ಟಂತಿವೆ. ನನ್ನನ್ನು ಕೇಳಿದರೆ ಇವೆಲ್ಲದರ ಬದಲು ಒಂದೇ ಕೆಲಸ ಕೊಡಬೇಕು: ದೂರದ ಸರ್ವರ್ ಒಂದರ ಬ್ಯಾಕಪ್ಪನ್ನು ಪ್ರತಿ ರಾತ್ರಿ ತಾನೇ ತೆಗೆದಿಡುವ ಸ್ಕ್ರಿಪ್ಟ್. ಇಪ್ಪತ್ತು ಸಾಲು ಸಾಕು.

ಸರ್ವರ್‌ನಲ್ಲಿ 40 ಜಿಬಿ ಇದೆ, ದಿನಕ್ಕೆ ಬದಲಾಗುವ ಫೈಲ್‌ಗಳು ಅರ್ಧ ಜಿಬಿ ಎಂದಿಟ್ಟುಕೊಳ್ಳಿ. ದಿನವೂ ಪೂರ್ತಿ ನಕಲು ಮಾಡಿದರೆ 30 ದಿನಕ್ಕೆ 1,200 ಜಿಬಿ. ಬದಲಾದದ್ದನ್ನಷ್ಟೇ ತಂದರೆ 55 ಜಿಬಿಯೊಳಗೆ ಮುಗಿಯುತ್ತದೆ. ಇದನ್ನು ಮಾಡುವುದು 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಹೊರತಂದ ಆರ್‌ಸಿಂಕ್. ಅದರ 'ಲಿಂಕ್-ಡೆಸ್ಟ್' ಆಯ್ಕೆಗೆ ನಿನ್ನೆಯ ಫೋಲ್ಡರ್ ತೋರಿಸಿದರೆ, ಬದಲಾಗದ ಫೈಲನ್ನು ಮತ್ತೆ ನಕಲಿಸದೆ ಹಾರ್ಡ್ ಲಿಂಕ್ ಹಾಕುತ್ತದೆ. ಹಾರ್ಡ್ ಲಿಂಕ್ ಎಂದರೆ ಮನೆಯಲ್ಲಿ ಪುಟ್ಟ, ಕಾಲೇಜಿನಲ್ಲಿ ಪ್ರಶಾಂತ ಇದ್ದ ಹಾಗೆ. ಹೆಸರು ಎರಡು, ಆಸಾಮಿ ಒಬ್ಬನೇ. ಒಂದು ಹೆಸರು ಅಳಿಸಿದರೆ ಫೈಲ್ ಹೋಗುವುದಿಲ್ಲ, ಕೊನೆಯ ಹೆಸರೂ ಹೋದಾಗಷ್ಟೇ ಹೋಗುತ್ತದೆ. ಹೀಗಾಗಿ ಪ್ರತಿ ದಿನದ ಫೋಲ್ಡರ್ ಪೂರ್ತಿ ಬ್ಯಾಕಪ್‌ನಂತೆಯೇ ಕಾಣುತ್ತದೆ, ಹಳೆಯದನ್ನು ಧೈರ್ಯವಾಗಿ ಅಳಿಸಬಹುದು. ಡಿಸ್ಕ್ ಕೆಟ್ಟರೆ ಮಾತ್ರ ಮೂವತ್ತೂ ದಿನಗಳು ಒಟ್ಟಿಗೇ ಹೋಗುತ್ತವೆ, ಇನ್ನೊಂದು ಡಿಸ್ಕ್ ಬೇಕೇ ಬೇಕು.

ಬರೆಯಲು ಕುಳಿತಾಗ ಸಿಲಬಸ್‌ನಲ್ಲಿಲ್ಲದ ಪ್ರಶ್ನೆಗಳು ಏಳುತ್ತವೆ. ರಾತ್ರಿ ಎರಡು ಗಂಟೆಗೆ ಪಾಸ್‌ವರ್ಡ್ ಹೊಡೆಯುವವರು ಯಾರು? ಎಸ್‌ಎಸ್‌ಎಚ್ ಕೀ ಕಲಿಯಬೇಕಾಗುತ್ತದೆ. ನೆಟ್‌ವರ್ಕ್ ನಡುವೆ ಕಡಿದರೆ ಅರ್ಧಂಬರ್ಧ ಫೋಲ್ಡರನ್ನು ಪೂರ್ತಿಯೆಂದು ನಂಬುವುದೇ? ಮೊದಲು ತಾತ್ಕಾಲಿಕ ಹೆಸರಿನಲ್ಲಿ ತಂದು, ಎಕ್ಸಿಟ್ ಕೋಡ್ ಸೊನ್ನೆ ಬಂದ ಮೇಲೆ ದಿನಾಂಕದ ಹೆಸರಿಡಬೇಕು. ಓಡುತ್ತಿರುವ ಡೇಟಾಬೇಸಿನ ಫೈಲ್‌ಗಳನ್ನು ಹಾಗೇ ನಕಲಿಸಿದರೆ ಉಪಯೋಗಕ್ಕೆ ಬಾರದೆ ಹೋಗಬಹುದು, ಮೊದಲು ಡಂಪ್ ತೆಗೆಯಬೇಕು. ಬ್ಯಾಕಪ್ಪನ್ನು ಸರ್ವರ್ ಕಳಿಸುವುದಕ್ಕಿಂತ ಬ್ಯಾಕಪ್ ಯಂತ್ರವೇ ಎಳೆದುಕೊಳ್ಳುವುದು ಮೇಲು. ಸರ್ವರ್‌ಗೆ ನುಗ್ಗಿದ ಕಳ್ಳನ ಕೈಗೆ ಬ್ಯಾಕಪ್ ಸಿಗಬಾರದಲ್ಲ!

'ಕ್ಲೌಡ್‌ನಲ್ಲಿ ಒಂದು ಬಟನ್ ಒತ್ತಿದರಾಯಿತು, ಇದೆಲ್ಲ ಯಾಕೆ' ಎನ್ನುವ ಗೆಳೆಯರಿದ್ದಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಕ್ಲೌಡ್‌ಗೆ ಹೋಗಬೇಕಿದ್ದ ದಿನನಿತ್ಯದ ಬ್ಯಾಕಪ್ ಅಲ್ಲಿ ಇರಲೇ ಇಲ್ಲ. ಡಂಪ್ ತೆಗೆಯುವ ತಂತ್ರಾಂಶದ ಆವೃತ್ತಿ ಹೊಂದದೆ ಅದು ವಿಫಲವಾಗುತ್ತಿತ್ತು. ಎಚ್ಚರಿಸುವ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ನಕಲೊಂದು ಕಾಪಾಡಿತು. ಆ ಆರು ಗಂಟೆಗಳ ಮಾಹಿತಿ ಹೋಯಿತು. ಬಟನ್ ಒತ್ತಿದ ಮೇಲೂ ಒಳಗೇನಾಗುತ್ತಿದೆ ಎಂದು ನೋಡಬಲ್ಲವರು ಬೇಕು. ಸರ್ಟಿಫಿಕೇಟುಗಳಿಂದ ತುಂಬಿದ ನಮ್ಮ ರೆಸ್ಯೂಮೆಗಳಲ್ಲಿ ಇಲ್ಲದಿರುವುದು ಇದೇ.

ಲ್ಯಾಬ್‌ಗೆ ಖರ್ಚೇನೂ ಇಲ್ಲ, ಒಂದೇ ಕಂಪ್ಯೂಟರ್‌ನಲ್ಲಿ ಎರಡು ವರ್ಚುವಲ್ ಮಷೀನ್ ಸಾಕು. ಪರೀಕ್ಷೆಯೂ ಸುಲಭ: ಪರೀಕ್ಷಕರು 'ಸರ್ವರ್' ಮಷೀನಿನಿಂದ ಒಂದು ಫೋಲ್ಡರ್ ಅಳಿಸಲಿ, ಕಳೆದ ಮಂಗಳವಾರ ಇದ್ದಂತೆ ಅದನ್ನು ವಾಪಸ್ ತರಲು ಹೇಳಲಿ. ಹತ್ತು ನಿಮಿಷದಲ್ಲಿ ಬಂದರೆ ಪೂರ್ತಿ ಅಂಕ.