ಎಳೆಗಾಯಿಯ ಮದ್ದೇ ಬೇರೆ

ಕಹಿ ಕಿತ್ತಳೆ ಎಳೆಯದಾದರೇನು, ಬಲಿತದ್ದಾದರೇನು, ಒಣಗಿಸಿದ ಮೇಲೆ ಮದ್ದು ಒಂದೇ ಎಂದು ಕಳೆದ ಸಂಚಿಕೆಯ ಲೇಖನ ಹೇಳಿದೆ. ಅದೂ ಚೀನೀ ವೈದ್ಯಪದ್ಧತಿಯ ಹೆಸರು ಹೇಳಿಕೊಂಡು! ಆ ಪದ್ಧತಿಯೇ ಇವನ್ನು ಎರಡು ಮದ್ದೆಂದು ಎಣಿಸುತ್ತದೆ. ಮೇ-ಜೂನ್‌ನಲ್ಲಿ ಉದುರಿದ್ದನ್ನು ಆಯ್ದು ಒಣಗಿಸಿದ ಎಳೆಗಾಯಿ ‘ಝೀ ಶೀ’. ಜುಲೈನಲ್ಲಿ, ಸಿಪ್ಪೆ ಇನ್ನೂ ಹಸಿರಿರುವಾಗ ಕೊಯ್ದದ್ದು ‘ಝೀ ಛ್ಯಾವ್’. ಝೀ ಶೀಯ ಹೋಳು ಎರಡೂವರೆ ಸೆಂಟಿಮೀಟರ್ ಮೀರದು. ಕಲ್ಲಿನಂತೆ ಗಟ್ಟಿ, ಸುತ್ತ ದಪ್ಪ ಬಿಳಿ ತಿರುಳು, ನಡುವೆ ಮುದುಡಿದ ಕಂದು ತೊಳೆ.

ಚೀನಾದ ಅಧಿಕೃತ ಔಷಧ ಸಂಹಿತೆ ಎರಡನ್ನೂ ಒಂದೇ ಅಳತೆಯಲ್ಲಿ ಪರೀಕ್ಷಿಸುವುದಿಲ್ಲ. ಝೀ ಶೀಯಲ್ಲಿ ಸಿನೆಫ್ರಿನ್ ಎಂಬ ಉತ್ತೇಜಕ ಅಂಶ ಕನಿಷ್ಠ ಶೇ 0.30 ಇರಬೇಕು, ಝೀ ಛ್ಯಾವ್‌ನಲ್ಲಿ ನೋಡುವುದು ನರಿಂಜಿನ್, ಅದು ಕನಿಷ್ಠ ಶೇ 4.0. ಕಾಯಿ ಬೆಳೆದಂತೆ ಅದರೊಳಗಿನ ಅಂಶಗಳೂ ಬದಲಾಗುತ್ತವೆ. ನರಿಂಜಿನ್‌ನಂಥ ಕಹಿ ಅಂಶಗಳನ್ನು ಗಿಡ ಹೆಚ್ಚಾಗಿ ಮೊದಲ ವಾರಗಳಲ್ಲೇ ತುಂಬಿಸುತ್ತದೆ. ಆಮೇಲೆ ಕಾಯಿ ಉಬ್ಬಿ ನೀರು ತುಂಬಿದಂತೆ ಅವುಗಳ ಸಾಂದ್ರತೆ ಇಳಿಯುತ್ತದೆ. ಸಿನೆಫ್ರಿನ್ ಕೂಡ ಎಳೆಗಾಯಿಯಲ್ಲೇ ಹೆಚ್ಚು.

ಇದು ಬರೀ ಪಾಂಡಿತ್ಯದ ಜಗಳವಲ್ಲ. ಅಮೆರಿಕ 2004ರಲ್ಲಿ ಎಫೆಡ್ರಾ ಎಂಬ ಗಿಡದ ಸಾರ ಇರುವ ಪೂರಕಗಳನ್ನು ನಿಷೇಧಿಸಿದ ಮೇಲೆ, ತೂಕ ಇಳಿಸುವ ಮಾತ್ರೆಗಳಿಗೆ ಕಹಿ ಕಿತ್ತಳೆಯ ಸಾರ ಬಂದು ಸೇರಿತು. ಸಿನೆಫ್ರಿನ್ ರಚನೆಯಲ್ಲಿ ಎಫೆಡ್ರಾದಲ್ಲಿರುವ ಎಫೆಡ್ರಿನ್‌ಗೆ ಹತ್ತಿರದ್ದು. ರಕ್ತದೊತ್ತಡ ಇರುವವರಿಗೆ, ಹೃದ್ರೋಗಿಗಳಿಗೆ ಇದು ಆತಂಕದ ವಿಷಯ. ಅಂಥವರ ಕೈಗೆ ‘ಎಲ್ಲ ಒಂದೇ’ ಎಂಬ ಸಲಹೆ ಕೊಡುವುದು ತಪ್ಪು. ಲೇಖಕರು ಅದನ್ನು ಹಿಂತೆಗೆದುಕೊಳ್ಳಬೇಕು. ಮಾತ್ರೆ ಮಾರುವವರು ಯಾವ ಹಂತದ ಕಾಯಿ, ಅದರಲ್ಲಿ ಸಿನೆಫ್ರಿನ್ ಎಷ್ಟು ಎಂದು ಡಬ್ಬಿಯ ಮೇಲೆ ಮುದ್ರಿಸಲೇಬೇಕು.